ಶರಬತ್ತಲ್ಲ

ಕೊಳಾರದ ಫ್ಯಾಕ್ಟರಿಗಳ ಹಿಂದಿನ ಗೇಟಿನಲ್ಲಿ
ವಾರಕ್ಕೆರಡು ಸಲ ನನ್ನ ಟಂಟಂ ನಿಲ್ಲುತ್ತದೆ.
ಖಾಲಿ ಡ್ರಮ್ಮುಗಳು, ನೀಲಿ, ಎದೆಮಟ್ಟ.
ತಳದಲ್ಲಿ ಒಂದು ಬೊಗಸೆ ಉಳಿದೇ ಇರುತ್ತದೆ;
ಬಣ್ಣವಿಲ್ಲ, ವಾಸನೆಯಿಲ್ಲ,
ಓರೆ ಮಾಡಿದರೆ ಅವಸರವಿಲ್ಲದೆ ಬರುತ್ತದೆ,
ಲಗ್ನಕ್ಕೆ ಬಂದ ದೊಡ್ಡ ಮಾವನ ಹಾಗೆ.

ಚೀಟಿಯ ಮೇಲೆ: ಸಾರ್ಬಿಟಾಲ್, ಎಪ್ಪತ್ತು ಪರ್ಸೆಂಟ್.

ನೌಬಾದಿನಾಚೆ ಝರೆಮ್ಮ ಅವನ್ನು ತೊಳೆಯುತ್ತಾಳೆ.
ಒಂದು ಹಿಡಿ ಬೆಣಚುಕಲ್ಲು, ಎರಡು ಕೊಡ ನೀರು ಒಳಗೆ ಹಾಕಿ
ಕೆಂಪು ನೆಲದ ಮೇಲೆ ಕಾಲಿನಿಂದ ಉರುಳಿಸುತ್ತಾಳೆ.
ಹದಿನಾಲ್ಕು ವರ್ಷದ ಉರುಳು.
ಮುಚ್ಚಳ ಮೂಸಿ ಹೇಳುತ್ತಾಳೆ:
"ಇದು ಪೇಸ್ಟಿಂದು, ಪುದೀನಿ ಬಡೀತದ.
ಇದು ಕೆಮ್ಮಿನ ಔಷಧದ್ದು, ಅಂಚಿಗಿ ಕೆಂಪು ಹತ್ತೇದ.
ಇದು ಮಾರಿಗಿ ಹಚ್ಚೋ ಕ್ರೀಮಿಂದು,
ನನ್ನ ಕೈ ಮುಟ್ಟಿ ನೋಡು, ಸಂಜಿತನ ಮೆತ್ತಗ."

ಅವಳ ಮೊಮ್ಮಗ ಮಹಾದು ಒಮ್ಮೆ
ತಳದ್ದನ್ನು ಗಿಲಾಸಿಗೆ ಬಸಿದು ಗಟಗಟ ಕುಡಿದ.
ರಾತ್ರಿಯೆಲ್ಲ ಚಂಬು ಕೈಬಿಡಲಿಲ್ಲ.
ಬೆಳಗಿಗೆ ಝರೆಮ್ಮ ಹೆಸರಿಟ್ಟಳು:
ಶರಬತ್ತಲ್ಲ.
ಸಾರ್ಬಿಟಾಲ್ ಅನ್ನಲು ಬಾರದ ನಾಲಿಗೆಗೆ ಅದೇ ಹತ್ತಿರ.

ಲ್ಯಾಬಿನ ಧೂಳಪ್ಪ ನನಗೆ ಬಿಡಿಸಿ ಹೇಳಿದ್ದ,
ಗೇಟಿನ ಹೊರಗೆ, ಬೀಡಿ ಹಚ್ಚಿಕೊಂಡು:
ಗೊಂಜೋಳದ ಹಿಟ್ಟು, ಹಿಟ್ಟಿನಿಂದ ಸಕ್ಕರೆ,
ಸಕ್ಕರೆಗೆ ಒತ್ತಿ ತುಂಬಿದ ಹೈಡ್ರೋಜನ್.
ಆಲ್ಕೋಹಾಲ್ ಎಂಬ ಮನೆತನ, ನಿಶೆಯಿಲ್ಲ.
ಸಕ್ಕರೆಯ ತವರು, ಅಷ್ಟು ಸಿಹಿಯೂ ಇಲ್ಲ.
ಅದರ ನೌಕರಿ ಬೇರೆ. ಒಣಗಗೊಡದಿರುವುದು.
ಪೇಸ್ಟು ಟ್ಯೂಬಿನ ಬಾಯಲ್ಲಿ ಕಲ್ಲಾಗಬಾರದು,
ಕೇಕು ನಾಲ್ಕನೆಯ ದಿನಕ್ಕೆ ಬಿರಿಯಬಾರದು,
ಸಿರಪ್ಪಿನ ಮುಚ್ಚಳದ ಸುತ್ತ ಹರಳುಗಟ್ಟಿ
ನಡುರಾತ್ರಿ ತಾಯಿಯೊಬ್ಬಳು ಹಲ್ಲಿನಿಂದ ತಿರುಗಿಸುವಂತಾಗಬಾರದು.

ಹೋದ ವರ್ಷ ಲಗ್ನದ ದಿನಗಳು.
ಹುಮನಾಬಾದಿನ ಭಟಾರಿ ಗೌಸೋದ್ದೀನ್
ನೀರಿಗೆಂದು ಹನ್ನೊಂದು ಡ್ರಮ್ಮು ಕೇಳಿದ್ದ, ತಲಾ ಒಂಬೈನೂರು.
ಹತ್ತು ಉರುಳಿದವು.
ಹನ್ನೊಂದನೆಯದರ ಮುಂದೆ ಝರೆಮ್ಮ ಕೂತುಬಿಟ್ಟಳು.
"ಇದರ ಚೀಟಿ ಯಾರು ಕೆರದಾರ?"

ಅವಳಿಗೆ ಓದು ಬಾರದು.
ಕೆರೆದ ಅಕ್ಷರ ಮಾತ್ರ ಓದಬಲ್ಲಳು.
ಸಾರ್ಬಿಟಾಲಿನ ಕೆಳಗೆ ಇನ್ನೊಂದು ಕಾಗದ,
ಉಗುರಿನಿಂದಲೋ ಬ್ಲೇಡಿನಿಂದಲೋ ಎಬ್ಬಿಸಿದ್ದು.

"ಅದೇ ಇರ್ತದ ಬಿಡವ್ವ," ಅಂದೆ.
ಬೆರಳದ್ದಿ ನಾಲಿಗೆಗೆ ಒಯ್ಯುತ್ತಿದ್ದೆ.
ಛಟೀರನೆ ಹೊಡೆದಳು ಕೈಮೇಲೆ.
"ಸಿಹಿ ಇದ್ದದ್ದೆಲ್ಲ ಒಂದೇ ತಾಯಿ ಮಕ್ಕಳೇನಲೇ?"

ಆಗ ನೆನಪಾಯಿತು ಧೂಳಪ್ಪನ ಇನ್ನೊಂದು ಮಾತು,
ಬೀಡಿ ತುಳಿದು ಆರಿಸುತ್ತ ಅಂದದ್ದು:
ಹೀಗೇ ಬಣ್ಣವಿಲ್ಲದ, ಹೀಗೇ ಸಿಹಿಯ,
ಇದಕ್ಕಿಂತ ಸೋವಿಯ ಒಂದು ದ್ರವ ಇದೆ.
ಕೂಸಿನ ಮೂತ್ರ ನಿಲ್ಲಿಸಿಬಿಡುತ್ತದೆ.
ಅದಕ್ಕೇ ಪ್ರತಿ ಡ್ರಮ್ಮೂ ನೋಡಬೇಕು, ಪ್ರತಿಯೊಂದೂ.
"ಹತ್ತರಾಗ ಒಂದು ನೋಡಿದ್ರ ನಡೀತದ ಅಂತಾರ ಸಾಹೇಬ್ರು."

ಝರೆಮ್ಮ ಗರಗಸ ತಂದಳು.
ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ.
ಒಂಬೈನೂರು ರೂಪಾಯಿ ನೀಲಿ ಚೂರಾಗಿ ಬಿತ್ತು.
ಬೆವರೊರೆಸಿಕೊಂಡು ಹೇಳಿದಳು,
"ಡ್ರಮ್ ಆತು. ಒಳಗಿದ್ದದ್ದು ಎಲ್ಲಿ ಹೋತು?"

ಅಂದು ನಾನು ಮೂರು ಗೇಟು ಸುತ್ತಿದ್ದೆ.
ಯಾವ ಗೇಟಿನಲ್ಲಿ ಎತ್ತಿದ್ದೆ, ನೆನಪಿಲ್ಲ.
ಒಂದು ಗೇಟಿನವ ರಿಜಿಸ್ಟರ್ ತೆಗೆದು ತೋರಿಸಿದ, ನಮ್ಮದಲ್ಲ.
ಒಂದು ಗೇಟಿನವ ನಕ್ಕ.
ಮೂರನೆಯವ ಗೇಟೇ ತೆಗೆಯಲಿಲ್ಲ.

ಈಗ ಕಿಸೆಯಲ್ಲಿ ಸೀಮೆಸುಣ್ಣ ಇಟ್ಟುಕೊಂಡಿದ್ದೇನೆ.
ಪ್ರತಿ ಡ್ರಮ್ಮಿನ ಬೆನ್ನಿಗೆ ಗೇಟು, ತಾರೀಖು.
ಝರೆಮ್ಮ ತೊಳೆದಾಗ ಮೊದಲು ಅಳಿಯುವುದು ಅದೇ.

ನಿನ್ನೆ ರಾತ್ರಿ ಮಗಳಿಗೆ ಕೆಮ್ಮು.
ತಾಹೇರಾ ಬಾಟಲಿ ಕೊಟ್ಟಳು.
ಎರಡು ತಿಂಗಳ ಹಳೆಯದು, ಆದರೂ ಮುಚ್ಚಳ
ಎಲ್ಲಿಯೂ ಅಂಟದೆ, ಎಣ್ಣೆ ಹಚ್ಚಿದ ಹಾಗೆ ತಿರುಗಿತು.
ಚಮಚ ತುಂಬಿದೆ.
ಬಾಯಿ ತೆರೆದು ಕೂತಿದ್ದಾಳೆ ಹುಡುಗಿ.
"ಅಬ್ಬಾ, ಸಿಹಿ ಅದ ಅಲ್ಲ?"